ಎಡಗಡೆಯ ಬಳೆ ಸದ್ದು

ಹೋದ ವಾರ ನ್ಯಾಮತಿಗೆ ಹೋಗಿದ್ದೆ. ನನ್ನ ಕ್ಯಾಸೆಟ್ ಡೆಕ್ಕಿನ ಬೆಲ್ಟು ಸಡಿಲವಾಗಿ, ಹಾಡುಗಳೆಲ್ಲ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಕೇಳುತ್ತಿದ್ದವು. ಜಬಿಯ ರೇಡಿಯೋ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಬೆಸುಗೆಯ ವಾಸನೆ ಬಂತು. ಬಿಸಿ ಕಡ್ಡಿ ರಾಳಕ್ಕೆ ತಾಗಿದಾಗ ಏಳುವ ನೀಲಿ ಹೊಗೆ, ಅದರ ಜೊತೆ ಕಾದ ಧೂಳು. ಆ ವಾಸನೆ ಬಡಿದರೆ ಸಾಕು, ನನ್ನ ಕೈ ತಾನಾಗಿ ಎಡಗಿವಿಗೆ ಹೋಗುತ್ತದೆ.

ಜಬಿ ಅದನ್ನು ನೋಡಿಬಿಟ್ಟ. ನಕ್ಕ.

"ಬರ್ರೀ ರುದ್ರಣ್ಣ. ಇವತ್ತು ಹಾಡೋರು ಎಲ್ಲಿ ನಿಂತಾರೆ?"

"ನಡುವೆ ನಿಂತಾರೆ ಮಾರಾಯ. ಒಂದಿಂಚೂ ಅಲ್ಲಾಡಿಲ್ಲ."

"ಹಂಗಾದ್ರೆ ಆರಾಮು. ಮತ್ತೆ ಅಲಮಾರ ಎತ್ತಾಕೆ ಕರೀಬೇಡ್ರಿ ನೋಡ್ರಿ, ಈಗ ಬೆನ್ನು ಕೇಳಲ್ಲ."

ನಮ್ಮ ಹಾಡು ಕೇಳುವವರ ವಾಟ್ಸಾಪ್ ಗುಂಪಿನಲ್ಲಿ ಈಗ ಎಲ್ಲರೂ ತಮ್ಮ ತಮ್ಮ ನೆನಪು ಬರೆಯುತ್ತಿದ್ದಾರೆ. ಯಾರು ಯಾವ ಸ್ಪೀಕರಿನಲ್ಲಿ ಏನು ಕೇಳಿದರು, ಯಾವ ಹಾಡಿಗೆ ಮೈ ಜುಮ್ಮೆಂದಿತು ಅಂತ. ನನ್ನ ಸರದಿ ಬಂದರೆ ನನಗೆ ಒಂದು ಹಾಡು ನೆನಪಿಗೆ ಬರುವುದಿಲ್ಲ, ಒಂದು ಇಡೀ ಮಳೆಗಾಲ ಬರುತ್ತದೆ. ಜಬಿಯ ಅಂಗಡಿಯಿಂದ ಬಂದ ಮೇಲೆ ಅದನ್ನೇ ಬರೆಯೋಣ ಅನಿಸಿತು.

ಈ ಗುಂಪು ಈಗ ದೊಡ್ಡದಾಗಿದೆ. ಆಗ ನಾವು ನಾಲ್ಕು ಊರಿನ ನಾಲ್ಕೇ ಜನ. ನಾನು ಚನ್ನಗಿರಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ನ್ಯಾಮತಿಯ ಜಬಿ ರಿಪೇರಿಯವನು. ಹೊನ್ನಾಳಿಯ ಹಾಲೇಶ ಮದುವೆ ಮುಂಜಿಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ವಾರವಿಡೀ ಕೂಗುವ ಹಾರ್ನುಗಳ ಕೆಳಗೆ ಊಟ ಮಾಡುವ ಮನುಷ್ಯ, ಭಾನುವಾರ ಮಾತ್ರ "ಇನ್ನೂ ಮೆಲ್ಲಗೆ, ಇನ್ನೂ ಮೆಲ್ಲಗೆ" ಅನ್ನುತ್ತಾನೆ. ನಾಲ್ಕನೆಯವರು ಜಗಳೂರಿನ ತಿಪ್ಪೇಸ್ವಾಮಿ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು.

ನನಗೆ ಈ ಹುಚ್ಚು ಹಿಡಿಸಿದವರು ಮೇಷ್ಟ್ರೇ. ನಾನು ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಗಿರಣಿಗೆ ನಿಂತವನು. ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿದೆ. ಆಗ ಮೇಷ್ಟ್ರು ಚನ್ನಗಿರಿಯಲ್ಲೇ ಇದ್ದರು. ಸಾಯಂಕಾಲ ಅವರ ಮನೆಗೆ ಪಾಠಕ್ಕೆ ಹೋಗುತ್ತಿದ್ದೆ. ಧ್ವನಿಯ ಪಾಠ ಬಂದ ದಿನ ಅವರು ಪುಸ್ತಕ ಮುಚ್ಚಿ, ಎರಡು ಸ್ಪೀಕರಿನ ಮುಂದೆ ಒಂದು ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ಕಣ್ಣು ಮುಚ್ಚು ಅಂದರು. ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ಒಬ್ಬ ಮನುಷ್ಯ ನಿಂತು ಹಾಡುತ್ತಿದ್ದ. ಉಸಿರು ಎಳೆದುಕೊಂಡಿದ್ದೂ ಕೇಳಿತು. ಕಣ್ಣು ಬಿಟ್ಟೆ. ಗೋಡೆ, ಗೋಡೆಯ ಮೇಲೊಂದು ಕ್ಯಾಲೆಂಡರು. ಮತ್ತೆ ಮುಚ್ಚಿದೆ. ಅವನು ಅಲ್ಲೇ ಇದ್ದ. ಒಳಗಿಂದ ಮೇಷ್ಟ್ರ ಹೆಂಡತಿ ಶಾರದಮ್ಮ, "ನೋಡ್ರಿ, ಇನ್ನೊಬ್ಬನ್ನ ಕೆಡಿಸಿದ್ರಿ" ಅಂದಿದ್ದು ನನಗೆ ಚೆನ್ನಾಗಿ ನೆನಪಿದೆ.

ನಮ್ಮ ಗುಂಪಿನ ಪದ್ಧತಿಯೂ ಅಲ್ಲಿಂದಲೇ ಬಂದಿದ್ದು. ಭಾನುವಾರ ಮಧ್ಯಾಹ್ನ ಗಿರಣಿ ನಿಲ್ಲಿಸಿದ ಮೇಲೆ, ಹಿಂದಿನ ಕೋಣೆಯಲ್ಲಿ ನಮ್ಮ ಕೂಟ. ಎರಡು ಸ್ಪೀಕರಿನ ಎದುರು ಸರಿಯಾಗಿ ನಡುವೆ ಒಂದೇ ಕುರ್ಚಿ. ಉಳಿದವರಿಗೆ ಪಕ್ಕದಲ್ಲಿ ಚಾಪೆ. ಒಂದೊಂದು ಹಾಡಿಗೆ ಒಬ್ಬೊಬ್ಬರು ನಡುವಿನ ಕುರ್ಚಿ ಹತ್ತಬೇಕು. ಹಾಡು ಮುಗಿಯುವವರೆಗೆ ಯಾರೂ ಉಸಿರೆತ್ತುವಂತಿಲ್ಲ. ಮುಗಿದ ಮೇಲೆ ಕುರ್ಚಿಯಲ್ಲಿದ್ದವನು ಜಾಗ ಹೇಳಬೇಕು: ತಬಲಾ ಎಲ್ಲಿ, ಕೊಳಲು ಎಲ್ಲಿ, ಹಾಡುವವರು ಎಲ್ಲಿ ನಿಂತಿದ್ದಾರೆ. ಕುರ್ಚಿಯವನು ಹೇಳಿದ್ದೇ ಕೊನೆ. ಅದಕ್ಕೆ ಎದುರು ಮಾತಿಲ್ಲ. ಜಾಗ ಹೇಳುವುದರಲ್ಲಿ ನನ್ನ ಕಿವಿ ಚುರುಕು ಅಂತ ಎಲ್ಲರೂ ಒಪ್ಪಿದ್ದರು. ನನಗೆ ಬೇರೆ ಯಾವುದರಲ್ಲೂ ಅಂಥ ಹೆಸರು ಬಂದಿರಲಿಲ್ಲ.

ಆ ಕಿವಿಯನ್ನು ನಾನು ಕಾಪಾಡಿಕೊಂಡಿದ್ದೆ. ಕಾರಣ ಅಪ್ಪ. ಇದೇ ಗಿರಣಿಯನ್ನು ನನಗಿಂತ ಮುಂಚೆ ನಡೆಸಿದವರು ಅವರು. ಮೋಟಾರು, ಬೆಲ್ಟು, ಕಲ್ಲು, ಮೂರೂ ಸೇರಿ ಅವರ ಕಿವಿಯನ್ನು ತಿಂದವು. ಹಿಟ್ಟು ಬೀಳುವ ಕಡೆ ನಿಂತರೆ ಕಲ್ಲು ಇರುವುದು ಎಡಕ್ಕೆ. ಹಾಗಾಗಿ ಮೊದಲು ಎಡಗಿವಿ ಹೋಯಿತು, ಆಮೇಲೆ ಬಲಗಿವಿ. ಕೊನೆಯ ವರ್ಷಗಳಲ್ಲಿ ಸಾಯಂಕಾಲ ರೇಡಿಯೋ ಹಚ್ಚಿ, ಅದರ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಿದ್ದರು. "ಏನು ಬರ್ತಾ ಐತಪ್ಪಾ?" ಅಂದರೆ ನನ್ನ ಬಾಯಿ ನೋಡಿ ತಿಳಿದುಕೊಂಡು, "ಏನೋ ಗೊತ್ತಿಲ್ಲ. ಬರ್ತಾ ಅಂತೂ ಐತೆ" ಅನ್ನುತ್ತಿದ್ದರು.

ಅದಕ್ಕೇ ಗಿರಣಿ ನನ್ನ ಕೈಗೆ ಬಂದ ದಿನದಿಂದ ನಾನು ಕಿವಿಗೆ ಹತ್ತಿ ಇಡುತ್ತಿದ್ದೆ. ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿದ ಹತ್ತಿಯ ಉಂಡೆ. ಕಲ್ಲು ಎಡಕ್ಕಿದ್ದದ್ದರಿಂದ ಎಡಗಿವಿಗೆ ಒಂದು ಪದರ ಜಾಸ್ತಿ, ಇನ್ನೂ ಸ್ವಲ್ಪ ಒಳಗೆ. ನಲ್ಲೂರಿನಿಂದ ರಾಗಿ ತರುವ ಹೆಂಗಸರು, "ನುಣ್ಣಗೆ ಬೀಸಪ್ಪಾ ಅಂದ್ರೆ ಕೇಳಿಸ್ದಂಗೆ ಹತ್ತಿ ಇಟ್ಕಂಡಾನೆ ನೋಡ್ರೇ" ಅಂತ ನಗುತ್ತಿದ್ದರು. ನಗಲಿ ಬಿಡು ಅಂತ ಸುಮ್ಮನಿದ್ದೆ. ವಾರವಿಡೀ ಮುಚ್ಚಿಟ್ಟ ಕಿವಿಯನ್ನು ಭಾನುವಾರ ಮಧ್ಯಾಹ್ನ ತೆರೆಯುವುದೇ ಒಂದು ಸುಖವಾಗಿತ್ತು.

ಆ ವರ್ಷ ಮಳೆ ಬೇಗ ಹಿಡಿಯಿತು. ಜೋಳ ತಂದವರ ಚೀಲಗಳೆಲ್ಲ ತೇವ. ಹಿಟ್ಟು ಕಲ್ಲಿಗೆ ಮೆತ್ತಿಕೊಳ್ಳುತ್ತಿತ್ತು, ನನ್ನ ಹುಬ್ಬಿಗೂ ಮೆತ್ತಿಕೊಳ್ಳುತ್ತಿತ್ತು. ಕರೆಂಟು ಬಂದಾಗ ಬೀಸಬೇಕು, ಹೋದಾಗ ಕೂರಬೇಕು. ಅಂಥ ಒಂದು ಭಾನುವಾರ ಹಾಲೇಶ ಹಳೆಯ ಸಿನಿಮಾ ಹಾಡಿನ ರೆಕಾರ್ಡು ತಂದಿದ್ದ. ನಾನು ಕುರ್ಚಿ ಹತ್ತಿದೆ. ಹಾಡು ಸುರುವಾಯಿತು. ಹಾಡುವ ಹೆಣ್ಣುಮಗಳು ನಡುವೆ ಇರಲಿಲ್ಲ. ಬಲಗಡೆ ಕಿಟಕಿಯ ಹತ್ತಿರ ಹೋಗಿ ನಿಂತಿದ್ದಳು.

ಹಾಡು ಮುಗಿದ ಮೇಲೆ ಹೇಳಿದೆ. "ಹಾಡೋರು ಬಲಕ್ಕೆ ಸರಿದಾರೆ."

ಜಬಿ ಕುರ್ಚಿ ಹತ್ತಿದ. ಅದೇ ಹಾಡು ಇನ್ನೊಮ್ಮೆ. ಕಣ್ಣು ಮುಚ್ಚಿ ತಲೆ ಆಡಿಸಿದ. "ಹೌದು ಕಣ್ರೀ. ಸ್ವಲ್ಪ."

ಹಾಲೇಶ ಕೂತ. "ಸ್ವಲ್ಪ ಏನ್ ಬಂತು? ಕಿಟಕಿ ದಾಟಿ ನಿಮ್ಮ ಹಿತ್ಲಿಗೆ ಹೋಗ್ಯಾರೆ. ಬಟ್ಟೆ ಒಣಗ್ಸಾಕೆ ಹೋಗಿರ್ಬೇಕು."

ಮೇಷ್ಟ್ರು ಮಾತ್ರ ಕುರ್ಚಿ ಹತ್ತಲಿಲ್ಲ. "ನನಗೆ ಈಗ ಅಷ್ಟು ನಾಜೂಕು ಗೊತ್ತಾಗಲ್ರಪ್ಪ. ರುದ್ರೇಶ ಹೇಳಿದ್ಮೇಲೆ ಸರಿ."

ಅಲ್ಲಿಗೆ ತೀರ್ಮಾನವಾಯಿತು, ಆಂಪ್ಲಿಫೈಯರ್ ಕೆಟ್ಟಿದೆ ಅಂತ. ಮುಂದಿನ ವಾರ ಜಬಿ ಬೆಸುಗೆ ಕಡ್ಡಿ ತಂದು, ಅದನ್ನು ಬಿಚ್ಚಿ, ಎಡಗಡೆಯ ಕಂಡೆನ್ಸರುಗಳನ್ನೆಲ್ಲ ಬದಲಾಯಿಸಿದ. ಮಳೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾಳದ ಹೊಗೆ ತುಂಬಿತು. ಹಾಡು ಹಾಕಿದೆವು. ಹಾಡುವವರು ಕಿಟಕಿಯ ಹತ್ತಿರವೇ ಇದ್ದರು. ಅದರ ಮುಂದಿನ ವಾರ ಎಡದ ವೈರು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆವು. ಕಿಟಕಿ. ಸ್ಪೀಕರ್ ಪೆಟ್ಟಿಗೆಗಳನ್ನೇ ಹೊತ್ತು ಅತ್ತಿಂದಿತ್ತ ಇಟ್ಟೆವು. ಮತ್ತೂ ಕಿಟಕಿ. ಪ್ರತಿ ಸಲವೂ ಮೊದಲು ನಾನು ಕೂತು ಹೇಳುತ್ತಿದ್ದೆ, ಆಮೇಲೆ ಅವರಿಬ್ಬರೂ ಕೂತು ಹೌದು ಹೌದು ಅನ್ನುತ್ತಿದ್ದರು. ಹೊನ್ನಾಳಿ ಕಡೆ ಹೊಳೆ ತುಂಬಿ ಬಸ್ಸು ಸುತ್ತಿಕೊಂಡು ಬಂದ ದಿನವೂ ಹಾಲೇಶ ತಪ್ಪಿಸಲಿಲ್ಲ. ಅವತ್ತು ಅವನೇ ಕಂಡುಹಿಡಿದ.

"ಇದು ರೂಮಿನ ತಪ್ಪು. ಎಡಗಡೆ ಅಲಮಾರ ಐತಲ್ಲ, ಕಬ್ಬಿಣದ್ದು, ಅದು ಸೌಂಡು ನುಂಗ್ತಾ ಐತೆ."

"ಕಬ್ಬಿಣ ನುಂಗಲ್ಲ, ವಾಪಸ್ ಹೊಡೀತೈತೆ" ಅಂದ ಜಬಿ.

"ಒಳಗೆ ಸೀರೆ ತುಂಬಿದಾವಲ್ಲಪ್ಪ. ಸೀರೆ ನುಂಗ್ತಾವೆ."

ಮೂವರೂ ಸೇರಿ ಅಲಮಾರವನ್ನು ಅಡುಗೆಮನೆಯ ಬಾಗಿಲಿಗೆ ತಳ್ಳಿದೆವು. ನನ್ನ ಹೆಂಡತಿ ಗಿರಿಜಾ ಚಹಾದ ತಟ್ಟೆ ಹಿಡಿದು ಬಂದವಳು ಅಲಮಾರದ ಆ ಕಡೆಯೇ ನಿಂತಳು.

"ನಿಮ್ಮ ಹಾಡೋರು ಒಳಗೆ ಬರ್ಬೇಕು ಅಂತ ನನ್ನ ಹೊರಗೆ ಹಾಕಿದ್ರಾ?"

ನಾವು ನಕ್ಕೆವು. ಆದರೆ ಆ ದಿನವೂ ಎಡಗಡೆ ತೆಳ್ಳಗೇ ಕೇಳಿತು.

ಗೌರಿ ಹಬ್ಬ ಬಂತು. ಪ್ರತಿ ವರ್ಷ ಹಬ್ಬ ಕಳೆದ ಮೇಲೆ ನಾನೊಬ್ಬನೇ ಜಗಳೂರಿಗೆ ಹೋಗುವುದು ರೂಢಿ. ಅದಕ್ಕೊಂದು ಕಾರಣವಿತ್ತು. ಶಾರದಮ್ಮ ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು. ಅವರು ಬದುಕಿದ್ದಾಗ ಒಂದು ಗೌರಿ ಹಬ್ಬದ ದಿನ ಮೇಷ್ಟ್ರು ಎರಡು ಮೈಕು ಇಟ್ಟು ಅವರ ಹಾಡನ್ನು ಟೇಪು ಮಾಡಿದ್ದರು. ಅವರು ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕಿಕೊಂಡು ಹಾಡುತ್ತಿದ್ದರು. ಕೈ ತುಂಬ ಹಬ್ಬದ ಹೊಸ ಗಾಜಿನ ಬಳೆ. ಹಾಡು ಎರಡೂ ಕಡೆ ಇತ್ತು, ಬಳೆಯ ಸದ್ದು ಎಡಗಡೆ ಮಾತ್ರ. ಎಲ್ಲೋ ಒಂದು ಸಣ್ಣ ಕಿಣಿಕಿಣಿ.

ವಯಸ್ಸಾಗುತ್ತಾ ಮೇಷ್ಟ್ರಿಗೆ ಆ ಸಣ್ಣ ಸದ್ದು ಕೇಳುವುದು ನಿಂತುಹೋಗಿತ್ತು. ಹಾಡು ಕೇಳುತ್ತಿತ್ತು, ಬಳೆ ಇಲ್ಲ. ಅದು ಟೇಪಿನಲ್ಲಿ ಇನ್ನೂ ಇದೆಯೋ ಇಲ್ಲವೋ ಅಂತ ನೋಡಲು ಅವರಿಗೆ ನನ್ನ ಕಿವಿ ಬೇಕಿತ್ತು. ಅವರು ತಮ್ಮನ ಸಂಸಾರದ ಜೊತೆ ಇದ್ದವರು, ಮನೆಯಲ್ಲಿ ಬೇಕಾದಷ್ಟು ಜನ. ಒಮ್ಮೆ ನಾನೇ ಕೇಳಿದ್ದಕ್ಕೆ, "ಮನೇರ್ನ ಕರೆದು ನನ್ನ ಹೆಂಡ್ತಿ ಬಳೆ ಕೇಳ್ತಾವಾ ಅನ್ನಾಕೆ ಆಗ್ತೈತೇನೋ? ನೀನಾದ್ರೆ ಅದನ್ನ ಪಾಠ ಅನ್ಕಂತೀಯ" ಅಂದಿದ್ದರು. ಕಂಪ್ಯೂಟರಿಗೆ ಕಾಪಿ ಮಾಡಿಕೊಡ್ತೀನಿ ಅಂತ ಜಬಿ ಎಷ್ಟೋ ಸಲ ಹೇಳಿದ್ದ. ಮಾಡೋಣ, ಮಾಡೋಣ ಅನ್ನುತ್ತಿದ್ದರು. ಟೇಪನ್ನು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ.

ಆ ವರ್ಷವೂ ಹೋದೆ. ನಮ್ಮಲ್ಲಿ ಮಳೆ ಸುರಿಯುತ್ತಿದ್ದರೆ ಜಗಳೂರಿನ ರಸ್ತೆ ಒಣಗಿತ್ತು. ಮೇಷ್ಟ್ರು ಹೆಡ್‌ಫೋನು ಒರೆಸಿ ಕೊಟ್ಟರು. ಎಡ, ಬಲ ಅಂತ ಗುರುತು ನೋಡಿ ಸರಿಯಾಗಿ ಹಾಕಿಕೊಂಡೆ. ನಮ್ಮಂಥವರು ಅದನ್ನು ಯಾವತ್ತೂ ತಿರುಗಾಮುರುಗಾ ಹಾಕುವುದಿಲ್ಲ. ಬೇರೆ ಯಾರಾದರೂ ಹಾಗೆ ಹಾಕಿದ್ದು ಕಂಡರೆ ಮೈ ಉರಿಯುತ್ತದೆ. ಅದು ನಮಗೆ ಅಂಗಿ ಹಿಂದುಮುಂದು ಹಾಕಿಕೊಂಡ ಹಾಗೆ.

ಹಾಡು ಬಂತು. ಬಲಗಡೆ ಶಾರದಮ್ಮನ ದನಿ ಮೊದಲಿನ ಹಾಗೇ ಇತ್ತು. ಎಡಗಡೆ ಯಾರೋ ಕಂಬಳಿ ಹೊದಿಸಿದ ಹಾಗೆ. ಬಳೆ ಇರಲಿಲ್ಲ. ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು.

"ಬಳೆ ಇದಾವಾ?"

ಇದಾವೆ ಅಂತ ಹೇಳಿಬಿಡೋಣ ಅನಿಸಿತು. ಆದರೆ ಕುರ್ಚಿಯಲ್ಲಿ ಕೂತವನು ಕೇಳಿದ್ದನ್ನೇ ಹೇಳಬೇಕು ಅಂತ ಕಲಿಸಿದವರೇ ಎದುರಿಗಿದ್ದರು.

"ಕೇಳ್ತಿಲ್ಲ ಸಾರ್."

"ಕೇಳ್ತಿಲ್ಲ ಅಂದ್ರೆ? ಸಣ್ಣಗಾಗ್ಯಾವೋ, ಇಲ್ವೇ ಇಲ್ವೋ?"

"ಇಲ್ಲ ಸಾರ್. ಎಡಗಡೆನೇ ಹೋಗ್ತಾ ಐತೆ."

ಅವರು ಟೇಪು ನಿಲ್ಲಿಸಿದರು. ಆಮೇಲೆ ಪಾಠದ ದನಿಯಲ್ಲೇ ಹೇಳಿದರು. "ಸರಿ ಬಿಡು. ಟೇಪಿನ ಮೇಲೆ ಸಣ್ಣ ಸದ್ದೇ ಮೊದ್ಲು ಅಳಿಸೋದು. ಕಿವಿಯಾಗೂ ಹಂಗೇ. ಹೇಳಿದ್ನಲ್ಲ ನಿನಗೆ ಅವಾಗ." ಟೇಪು ತೆಗೆದು ಡಬ್ಬಿಗೆ ಹಾಕಿದರು. ಹಾಕುವ ಮುಂಚೆ ಹಿಂದಕ್ಕೆ ಸುತ್ತಲಿಲ್ಲ. ಯಾವ ಟೇಪನ್ನೂ ಹಿಂದಕ್ಕೆ ಸುತ್ತದೆ ಒಳಗಿಡದ ಮನುಷ್ಯ. ಅದನ್ನು ನೋಡಿ ನನಗೆ ಬಸ್ಸಿನಲ್ಲಿ ಕೂತರೂ ಸಮಾಧಾನ ಆಗಲಿಲ್ಲ.

ಆಮೇಲಿನ ಭಾನುವಾರ ಮೇಷ್ಟ್ರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನು ಮಾಡಿದರೆ, "ನೀವು ಕೇಳ್ರಪ್ಪ. ನನಗೆ ಯಾಕೋ ಬೇಡ ಅನ್ಸೈತೆ" ಅಂದರು. ಜಬಿ ತಲೆ ಚಚ್ಚಿಕೊಂಡ. ಕಾಪಿ ಮಾಡಿದ್ದರೆ ಉಳಿಯುತ್ತಿತ್ತು ಅಂತ ನಾವು ಮೂವರೂ ಅಂದುಕೊಂಡೆವು.

ಮನೆಯಲ್ಲಿ ಗಿರಿಜಾ ಬೇರೆಯೇ ರಾಗ ತೆಗೆದಿದ್ದಳು. "ನೀವು ಫೋನು ಯಾವಾಗಿಂದ ಬಲಗಿವಿಗೆ ಹಿಡಿಯಾಕೆ ಸುರು ಮಾಡಿದ್ರಿ? ಈ ಕಡೆಯಿಂದ ಕೂಗಿದ್ರೆ ತಿರುಗೂ ನೋಡಲ್ಲ." ಗಿರಣಿಯಲ್ಲಿ ಯಾರಿಗೆ ಕೇಳುತ್ತದೆ ಅಂತ ನಾನು ಮಾತು ಹಾರಿಸಿದೆ. ನನಗೆ ನನ್ನ ಕಿವಿಯ ಮೇಲೆ ಅಷ್ಟು ನಂಬಿಕೆ.

ಒಂದು ಮಧ್ಯಾಹ್ನ ಕರೆಂಟು ಹೋದಾಗ ಗಿರಣಿಯ ಬೇರಿಂಗಿಗೆ ಗ್ರೀಸು ಹಚ್ಚುತ್ತಿದ್ದೆ. ಕರೆಂಟು ಬಂತು. ಗಿರಾಕಿ ಬರುವುದರೊಳಗೆ ಒಂದು ಹಾಡು ಕೇಳೋಣ ಅಂತ ಹಿಂದಿನ ಕೋಣೆಗೆ ಹೋದೆ. ಕೈಯೆಲ್ಲ ಕಪ್ಪು.

"ಗಿರಿಜಾ, ಆ ಹೆಡ್‌ಫೋನು ನನ್ನ ತಲೆಗೆ ಹಾಕು ಸ್ವಲ್ಪ. ಆಮೇಲೆ ಡೆಕ್ಕಿಂದು ಆ ಮೊದಲ್ನೇ ಗುಂಡಿ ಒತ್ತು."

ಅವಳು ಟೋಪಿ ಹಾಕಿದ ಹಾಗೆ ಹಾಕಿ ಗುಂಡಿ ಒತ್ತಿದಳು. ಆ ಕ್ಯಾಸೆಟ್ಟು ನನಗೆ ಬಾಯಿಪಾಠ. ಎಡಗಡೆ ಕೊಳಲು, ಬಲಗಡೆ ತಬಲಾ. ಇಷ್ಟು ದಿನ ಕೊಳಲು ಸೊರಗಿಹೋಗಿತ್ತು. ಇವತ್ತು ಕೊಳಲು ಬಲಗಡೆಯಿಂದ ಎಷ್ಟು ಚಂದ ಬಂತೆಂದರೆ ನಾನು ಬೆಚ್ಚಿಬಿದ್ದೆ. ತಬಲಾ ಕಾಣೆಯಾಗಿತ್ತು.

"ಏಯ್, ತಿರುಗಾ ಹಾಕಿದೀಯ!"

"ಹೆಂಗೆ ಹಾಕಿದ್ರೇನ್ರೀ, ಎರಡೂ ಕಿವಿನೇ ಅಲ್ವಾ?"

"ಇನ್ನೊಂದು ಸಲ ತಿರುಗ್ಸು" ಅಂದೆ. ತಿರುಗಿಸಿದಳು. ತಬಲಾ ಬಂತು, ಕೊಳಲು ಹೋಯಿತು. ಮತ್ತೆ ತಿರುಗಿಸು ಅಂದೆ. ಕೊಳಲು ಬಂತು, ತಬಲಾ ಹೋಯಿತು. ಎಡಗಿವಿಗೆ ಯಾವುದು ಬರುತ್ತಿತ್ತೋ ಅದು ಕಾಣೆ. ಟೇಪು ಒಂದೇ, ಡೆಕ್ಕು ಒಂದೇ. ಜಬಿ, ಹಾಲೇಶ ಇಬ್ಬರೂ ನನ್ನ ಮಾತು ನಂಬಿಯೇ ಹೌದು ಹೌದು ಅಂದಿದ್ದರು.

ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತು. "ವೈರು ಬದಲಾಯಿಸಿದ್ರಿ, ಪೆಟ್ಟಿಗೆ ಬದಲಾಯಿಸಿದ್ರಿ, ನನ್ನ ಅಲಮಾರ ಬದಲಾಯಿಸಿದ್ರಿ. ತಲೆ ಒಂದು ಬದಲಾಯಿಸಿರ್ಲಿಲ್ಲ ನೋಡ್ರಿ."

ಅವಳು ತಮಾಷೆಗೇ ಅಂದಳು. ನನಗೆ ನಗು ಬರಲಿಲ್ಲ. ಎಡಗಿವಿ ಮೊದಲು, ಆಮೇಲೆ ಬಲ. ಅಪ್ಪನಿಗೂ ಹೀಗೇ ಸುರುವಾಗಿದ್ದು, ಹೆಚ್ಚುಕಡಿಮೆ ಇದೇ ವಯಸ್ಸಿಗೆ. ಆ ಸಾಯಂಕಾಲ ಆಂಪ್ಲಿಫೈಯರಿನ ಮೇಲೆ ಸುಮ್ಮನೆ ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು. ತಕ್ಷಣ ಕೈ ತೆಗೆದೆ.

ಡಾಕ್ಟರ ಹತ್ತಿರ ಹೋಗಲು ನನಗೆ ಧೈರ್ಯ ಬರಲಿಲ್ಲ. ಇವತ್ತು ಗಿರಾಕಿ ಜಾಸ್ತಿ, ನಾಳೆ ಕಲ್ಲು ಕಟೆಸಬೇಕು ಅಂತ ದಿನ ತಳ್ಳಿದೆ. ಗೊತ್ತಾಗದೆ ಇದ್ದರೆ ಕಿವಿ ಇನ್ನೂ ಹೋಗಿಲ್ಲ ಅಂತ ಇರಬಹುದಲ್ಲ. ಗಿರಿಜಾ ಕೆಲವು ದಿನ ನೋಡಿದಳು. ಒಂದು ದಿನ ರೊಟ್ಟಿ ಬಡಿಸುತ್ತಾ, ನನ್ನ ಬಲಗಡೆಗೆ ಬಂದು ಕೂತು ಕೇಳಿದಳು.

"ಹಂಗಾದ್ರೆ ಮೇಷ್ಟ್ರ ಟೇಪಿನಾಗೆ ಬಳೆ ಇದ್ರೂ ಇರ್ಬೋದು, ಅಲ್ವಾ?"

ನಾನು ತುತ್ತು ಹಿಡಿದು ಕೂತೆ. ನನ್ನ ಕಿವಿಯದ್ದೇ ಚಿಂತೆಯಲ್ಲಿ ಅದು ಹೊಳೆದಿರಲಿಲ್ಲ.

"ಇರ್ಬೋದು. ಕೇಳಿ ನೋಡ್ದೆ ಹೇಳಾಕೆ ಆಗಲ್ಲ. ಮೊದ್ಲೇ ಆಸೆ ಹುಟ್ಸಿ, ಆಮೇಲೆ ಇಲ್ಲ ಅಂದ್ರೆ?"

"ಹಂಗಾದ್ರೆ ಹೋಗಿ ಕೇಳ್ರಿ. ಆ ಮನುಷ್ಯ ಅಲ್ಲಿ ಟೇಪು ಹೋಯ್ತು ಅಂತ ಕುಂತಾರೆ, ನೀವು ಇಲ್ಲಿ ಕಿವಿ ಹೋಯ್ತು ಅಂತ ಕುಂತೀರಿ. ಜಗಳೂರಿಗೆ ಹೋಗೋ ದಾರಿಯಾಗೇ ದಾವಣಗೆರೆ ಐತೆ. ಅಲ್ಲಿ ಕಿವಿ ಡಾಕ್ಟ್ರೂ ಅದಾರೆ. ನಾನೂ ಬರ್ತೀನಿ ನಡೀರಿ."

ಮರುದಿನ ಗಿರಣಿಗೆ ಬೀಗ ಹಾಕಿ ಹೊರಟೆವು. ಬಸ್ಸಿನ ಗಾಜಿಗೆ ಮಳೆ ಹೊಡೆಯುತ್ತಿತ್ತು. ಗಿರಿಜಾ ನನ್ನ ಎಡಕ್ಕೆ ಕೂತಿದ್ದಳು. ಏನೋ ಹೇಳುತ್ತಿದ್ದಳು, ನಾನು ಸುಮ್ಮನೆ ಹೂಂ ಅನ್ನುತ್ತಿದ್ದೆ.

ಡಾಕ್ಟರು ಒಬ್ಬ ಹೆಣ್ಣುಮಗಳು. ಹಣೆಗೆ ಲೈಟು ಕಟ್ಟಿಕೊಂಡು ನನ್ನ ಕಿವಿ ಹಿಡಿದೆಳೆದು ನೋಡಿದರು.

"ಏನು ಕೆಲಸ ಮಾಡ್ತೀರಿ?"

"ಹಿಟ್ಟಿನ ಗಿರಣಿ ಮೇಡಂ. ನಮ್ಮಪ್ಪಗೂ ಕಿವಿ ಹೋಗಿತ್ತು. ಅದೇ ಗಿರಣಿ."

"ಕಿವಿಗೆ ಏನಾದ್ರೂ ಹಾಕ್ತೀರಾ?"

"ಹತ್ತಿ. ಒಂದು ಹನಿ ಎಣ್ಣೆ."

"ಹಾಕಿದ್ದನ್ನ ತೆಗೀತೀರಾ?"

"ದಿನಾ ತೆಗೀತೀನಿ ಮೇಡಂ."

"ಎಲ್ಲಾ ತೆಗೆದಿಲ್ಲ ಬಿಡ್ರಿ" ಅಂದರು.

ಬೆಚ್ಚಗಿನ ನೀರು ಬಿಟ್ಟರು, ಚಿಮಟ ಹಾಕಿದರು. ಏನೋ ಕಿತ್ತುಬಂದ ಹಾಗಾಯಿತು. ಅದನ್ನು ಚಿಮಟದ ಸಮೇತ ತಟ್ಟೆಗೆ ಹಾಕಿದರು. ಆ ತಟ್ಟೆಯ ಸದ್ದು! ಎಡಗಡೆಯಿಂದ, ಹರಿತವಾಗಿ, ಠಣ್ ಅಂತ. ಅದರ ಹಿಂದೆಯೇ ಮೇಲಿನ ಫ್ಯಾನಿನ ಗರಗರ ಬಂತು, ರಸ್ತೆಯ ಆಟೋ ಬಂತು, ಕಿಟಕಿಯ ತಗಡಿನ ಮೇಲೆ ಬೀಳುವ ಒಂದೊಂದು ಹನಿಯೂ ಬೇರೆ ಬೇರೆಯಾಗಿ ಬಂತು.

ಡಾಕ್ಟರು ತಟ್ಟೆ ತೋರಿಸಿದರು. ಹಳೆಯ ಹತ್ತಿಯ ಚೂರು, ಅದರ ಸುತ್ತ ಎಣ್ಣೆ, ಕಿವಿಯ ಮೇಣ, ಹಿಟ್ಟು. ಎಲ್ಲ ಸೇರಿ ಕಲಸಿದ ಕಣಕದ ಹಾಗಿತ್ತು.

"ಇನ್ನೊಂಚೂರು ಬಿಟ್ಟಿದ್ರೆ ರೊಟ್ಟಿ ತಟ್ಬೋದಿತ್ತು ಕಣ್ರಿ ಇದ್ರಾಗೆ" ಅಂದರು.

ಆಮೇಲೆ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿ ಚೆನ್ನಾಗಿವೆ ಅಂದರು. ಗಿರಣಿಯವರಲ್ಲಿ ಇಷ್ಟು ಚೆನ್ನಾಗಿರುವುದು ಅಪರೂಪ, ಹತ್ತಿ ಇಟ್ಟಿದ್ದೂ ಒಳ್ಳೆಯದೇ ಆಯಿತು, ಆದರೆ ಇನ್ನು ಮೇಲೆ ಕಿವಿ ಪೂರ್ತಿ ಮುಚ್ಚುವ ಬಟ್ಟಲಿನಂಥದ್ದು ಸಿಗುತ್ತದೆ, ಅದನ್ನು ಹಾಕಿಕೊಳ್ಳಿ ಅಂದರು. ನಾನು ತಲೆ ಆಡಿಸಿದೆ. ಮೆಟ್ಟಿಲು ಇಳಿಯುತ್ತಿದ್ದೆವು. ಗಿರಿಜಾ ಎಡಗಡೆಯಿಂದ ಮೆಲ್ಲಗೆ, ತನ್ನಷ್ಟಕ್ಕೇ ಅನ್ನುವ ಹಾಗೆ, "ಇನ್ನಾದ್ರೂ ನನ್ನ ಅಲಮಾರ ವಾಪಸ್ ಇಡ್ರಿ" ಅಂದಳು.

"ಇಡ್ತೀನಿ" ಅಂದೆ.

ಅವಳು ನಿಂತು ನನ್ನ ಮುಖ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಜಗಳೂರು ಬಸ್ಸು ಎಲ್ಲಿ ನಿಲ್ತೈತೆ ನೋಡ್ರಿ ಮೊದ್ಲು" ಅಂದಳು.

ಮೇಷ್ಟ್ರು ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಗಾಬರಿಯಾದರು.

"ಏನಪ್ಪಾ, ಏನಾತು? ಎಲ್ಲಾ ಆರಾಮಾ?"

"ಆರಾಮು ಸಾರ್. ಆ ಟೇಪು ಇನ್ನೊಂದು ಸಲ ಹಾಕ್ರಿ."

ಅವರ ಮುಖ ಬಿಗಿಯಾಯಿತು. "ಅದು ಹೋಯ್ತಲ್ಲೋ. ಇನ್ನೂ ಯಾಕೆ ಉಜ್ಜೋದು ಅದನ್ನ?"

"ಹೋಗಿದ್ದು ನನ್ನ ಕಿವಿ ಸಾರ್. ಹತ್ತಿ ಸಿಕ್ಕಂಡಿತ್ತು. ಈಗ ತೆಗೆಸ್ಕಂಡು ಸೀದಾ ಇಲ್ಲಿಗೇ ಬಂದೆ."

ಅವರು ನನ್ನನ್ನೂ ಗಿರಿಜಾಳನ್ನೂ ನೋಡಿದರು. ಎದ್ದು ಒಳಗೆ ಹೋದರು. ಡಬ್ಬಿ ತಂದರು. ಅವತ್ತು ನಿಲ್ಲಿಸಿದಲ್ಲೇ ಟೇಪು ನಿಂತಿತ್ತು. ಈಗ ಮೊದಲಿಗೆ ಸುತ್ತಿದರು. ಹೆಡ್‌ಫೋನನ್ನು ಅವರೇ ನನ್ನ ತಲೆಗೆ ಹಾಕಿದರು, ಎಡ ಬಲ ನೋಡಿ. ಗಿರಿಜಾ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಳು.

ಶಾರದಮ್ಮ ಹಾಡಲು ಸುರು ಮಾಡಿದರು. ಸರಿಯಾಗಿ ನಡುವೆ. ಒಂದು ಸಾಲು ಹೋಯಿತು. ಎಡಗಡೆ ಬರೀ ಟೇಪಿನ ಸುಯ್. ಇದೂ ಹೋಗಿದೆಯೇನೋ ಅಂದುಕೊಳ್ಳುವಷ್ಟರಲ್ಲಿ ಕಿಣ್ ಅಂತು. ಮತ್ತೊಂದು ಕಿಣ್. ತೊಡೆಗೆ ಕೈ ಬಿದ್ದ ಮೆತ್ತನೆಯ ಸದ್ದು, ಅದರ ಹಿಂದೆಯೇ ಬಳೆಗಳು ಒಂದಕ್ಕೊಂದು ತಾಗಿದ್ದು.

ಹಾಡು ಮುಗಿಯುವವರೆಗೆ ಮಾತಾಡಬಾರದು ಅನ್ನುವ ಪದ್ಧತಿ ಇತ್ತು. ಬೆರಳು ಎತ್ತಿದೆ. ಮತ್ತೆ ಬಳೆ ಬಂದಾಗ ಬೆರಳು ಇಳಿಸಿದೆ. ಬಂದ ಹಾಗೆಲ್ಲ ಬೆರಳನ್ನು ಕುರ್ಚಿಯ ಕೈಗೆ ಬಡಿಯುತ್ತಾ ಹೋದೆ. ಮೇಷ್ಟ್ರು ಮೊದಲು ನನ್ನ ಮುಖ ನೋಡುತ್ತಿದ್ದವರು ಆಮೇಲೆ ಬೆರಳನ್ನೇ ನೋಡತೊಡಗಿದರು. ಸ್ವಲ್ಪ ಹೊತ್ತಿಗೆ ಅವರ ಕೈಯೂ ತೊಡೆಯ ಮೇಲೆ ಅದೇ ತಾಳಕ್ಕೆ ಬೀಳುತ್ತಿತ್ತು. ಒಂದು ಕಡೆ ಬಳೆ ತಡವಾಯಿತು. ನನ್ನ ಬೆರಳು ಗಾಳಿಯಲ್ಲಿ ನಿಂತು ಕಾಯಿತು. ಅವರ ಕೈಯೂ ನಿಂತಿತು. ಆಮೇಲೆ ಎರಡೂ ಒಟ್ಟಿಗೇ ಬಿದ್ದವು.

ಹಾಡು ಮುಗಿಯಿತು. ಹೆಡ್‌ಫೋನು ತೆಗೆದೆ.

"ಮೂರ್ನೇ ಸಾಲಿನಾಗೆ ತಡ ಮಾಡಿದ್ಲಲ್ವಾ?" ಅಂದರು.

"ಹೌದು ಸಾರ್. ಸ್ವಲ್ಪ ತಡ."

"ಯಾವತ್ತೂ ಅಲ್ಲಿ ತಡಾನೇ ಅವ್ಳು. ಎಷ್ಟು ಸಲ ಹೇಳಿದ್ರೂ ಕೇಳ್ತಿರ್ಲಿಲ್ಲ."

ಅಷ್ಟು ಹೇಳಿ ಅವರು ಟೇಪನ್ನು ಹಿಂದಕ್ಕೆ ಸುತ್ತಿದರು, ಕೊನೆಯವರೆಗೂ. ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ನನ್ನ ಕೈಗೆ ಕೊಟ್ಟರು.

"ಜಬಿಗೆ ಕೊಡು. ಕಾಪಿ ಮಾಡ್ಲಿ. ಎಡಗಡೆ ಹುಷಾರು ಅಂತ ಹೇಳು."